ತಾರಸಿಯ ಚಪ್ಪರಕ್ಕೆ ಎಳೆದು ಸರಿಸುವ ಬಟ್ಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪರ್ಗೋಲಾಕ್ಕೆ (ಕಂಬ, ತೊಲೆಗಳಷ್ಟೇ ಇರುವ ತೆರೆದ ಚಪ್ಪರಕ್ಕೆ) ಬೇಕೆಂದಾಗ ಹರಡಿ, ಬೇಡವೆಂದಾಗ ಒಂದು ಬದಿಗೆ ಮಡಚಿಡುವ ಬಟ್ಟೆಯ ನೆರಳನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ. ಮೊದಲ ಉತ್ತರದಲ್ಲಿ ಪೂರ್ತಿ ಅಳತೆ, ಸಾಮಾನು ಇವೆ. ಉಳಿದ ಉತ್ತರಗಳನ್ನು ಓದುವಾಗ ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ತಾರಸಿಯ ಮೇಲೆ 10 ಅಡಿ ಅಗಲ, 12 ಅಡಿ ಉದ್ದದ ಕಬ್ಬಿಣದ ಪರ್ಗೋಲಾ ಇದೆ. 2 ಇಂಚಿನ ಚೌಕ ಪೈಪು, ಎತ್ತರ 8 ಅಡಿ. ಶೀಟು ಹಾಕಿಸಲು ಮನಸ್ಸಿಲ್ಲ, ಸಂಜೆ ಆಕಾಶ ಕಾಣಬೇಕು. ಮಧ್ಯಾಹ್ನಕ್ಕೆ ಮಾತ್ರ ಬಟ್ಟೆ ಎಳೆದುಕೊಳ್ಳುವಂತೆ ನಾವೇ ಮಾಡಬಹುದೇ? ಏನೇನು ಬೇಕು? – ಮೈಸೂರು

ಖಂಡಿತ ಮಾಡಬಹುದು. ವೆಲ್ಡಿಂಗ್ ಬೇಡ. ಡ್ರಿಲ್ಲು, ಎರಡು ಸ್ಪ್ಯಾನರ್, ದಪ್ಪ ಬಟ್ಟೆ ಹೊಲಿಯುವ ಒಂದು ಮಿಷನ್ ಇದ್ದರೆ ಸಾಕು. ಉದ್ದಕ್ಕೆ ಎರಡು ತಂತಿ, ತಂತಿಗೆ ಅಡ್ಡಲಾಗಿ ನೇತಾಡುವ ಒಂಬತ್ತು ಅಲ್ಯೂಮಿನಿಯಂ ಪೈಪು, ಪೈಪುಗಳ ಮೇಲೆ ಅಲೆಯಲೆಯಾಗಿ ಇಳಿಬಿದ್ದ ಬಟ್ಟೆ, ಇಷ್ಟೇ ರಚನೆ. ಬಟ್ಟೆ ಸರಿಸಿದಾಗ ಪೈಪುಗಳೆಲ್ಲ ಮನೆಯ ಗೋಡೆಯ ಕಡೆ ಒತ್ತಾಗಿ ಬಂದು ಕೂರುತ್ತವೆ.

ತಂತಿಗೆ 3 ಮಿ.ಮೀ.ನ ಸ್ಟೇನ್‌ಲೆಸ್ ಸ್ಟೀಲ್ ವೈರ್ ರೋಪ್ 9 ಮೀಟರ್ ತನ್ನಿ. ಬಟ್ಟೆ ಒಣಗಿಸಲು ಬಳಸುವ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಡ. ಬಿಸಿಲಿಗೆ ಆ ಹೊದಿಕೆ ಬಿರಿಯುತ್ತದೆ, ಆಮೇಲೆ ಪೈಪು ನೇತಾಡುವ ಬಳೆ ಸರಿಯುವುದಿಲ್ಲ. ಎರಡೂ ಕಡೆಯ 10 ಅಡಿ ತೊಲೆಗಳಲ್ಲಿ, ಪಕ್ಕದ ತೊಲೆಯಿಂದ 2 ಇಂಚು ಒಳಗೆ ತೂತು ಕೊರೆದು 8 ಮಿ.ಮೀ. ದಪ್ಪ, 75 ಮಿ.ಮೀ. ಉದ್ದದ ಐ ಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್) ನಾಲ್ಕು ಹಾಕಿ. ಹೀಗೆ ಮಾಡಿದರೆ ಎರಡು ತಂತಿಗಳ ನಡುವೆ 116 ಇಂಚು ಸಿಗುತ್ತದೆ. ತಂತಿಯ ಒಂದು ತುದಿ ನೇರ ಐ ಬೋಲ್ಟಿಗೆ, ಇನ್ನೊಂದು ತುದಿ ಟರ್ನ್‌ಬಕಲ್ (ತಿರುಗಿಸಿ ತಂತಿ ಬಿಗಿ ಮಾಡುವ ಸಾಧನ) ಮೂಲಕ. ಟರ್ನ್‌ಬಕಲ್ ಎರಡು, ಥಿಂಬಲ್ (ತಂತಿಯ ಕುಣಿಕೆಯೊಳಗೆ ಕೂರುವ ಲೋಹದ ಅಚ್ಚು) ನಾಲ್ಕು, ಯು ಕ್ಲಾಂಪ್ ಎಂಟು. ಕಟ್ಟುವ ಮೊದಲು ಟರ್ನ್‌ಬಕಲನ್ನು ಪೂರ್ತಿ ಬಿಚ್ಚಿ ಉದ್ದ ಮಾಡಿಕೊಳ್ಳಿ. ಮುಚ್ಚಿದ ಸ್ಥಿತಿಯಲ್ಲಿ ಕಟ್ಟಿಬಿಟ್ಟರೆ ಬಿಗಿ ಮಾಡಲು ಜಾಗವೇ ಉಳಿಯುವುದಿಲ್ಲ.

ಯು ಕ್ಲಾಂಪಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಕಡೆ ಇದನ್ನು ತಿರುವುಮುರುವಾಗಿ ಹಾಕಿರುತ್ತಾರೆ. ತಂತಿಯನ್ನು ಥಿಂಬಲ್ ಸುತ್ತ ತಿರುಗಿಸಿದ ಮೇಲೆ ಎರಡು ಎಳೆ ಪಕ್ಕಪಕ್ಕ ಬರುತ್ತವೆ: ಭಾರ ಹೊರುವ ಉದ್ದದ ಎಳೆ, ಕತ್ತರಿಸಿದ ತುದಿಯ ಗಿಡ್ಡ ಎಳೆ. ಕ್ಲಾಂಪಿನಲ್ಲೂ ಎರಡು ಭಾಗ: ಬಾಗಿದ ಸರಳು, ಗೀರುಗಳಿರುವ ದಪ್ಪ ಪಟ್ಟಿ. ದಪ್ಪ ಪಟ್ಟಿ ಭಾರದ ಎಳೆಯ ಕಡೆ ಕೂರಬೇಕು, ಬಾಗಿದ ಸರಳು ಗಿಡ್ಡ ಎಳೆಯನ್ನು ಒತ್ತಬೇಕು. ಉಲ್ಟಾ ಹಾಕಿದರೆ ಸರಳು ಭಾರದ ಎಳೆಯನ್ನೇ ಜಜ್ಜಿ ಅಲ್ಲಿಂದಲೇ ತುಂಡಾಗುವಂತೆ ಮಾಡುತ್ತದೆ. ಪ್ರತಿ ತುದಿಗೆ ಎರಡು ಕ್ಲಾಂಪು, ನಡುವೆ 2 ಸೆಂ.ಮೀ. ಅಂತರ, ಎರಡೂ ಒಂದೇ ದಿಕ್ಕಿಗೆ. ಒಂದು ವಾರ ಕಳೆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಭಾರ ಬಿದ್ದ ತಂತಿ ಕೊಂಚ ಸಣ್ಣಗಾಗಿ ಹಿಡಿತ ಸಡಿಲವಾಗಿರುತ್ತದೆ.

ಪೈಪು 19 ಮಿ.ಮೀ. ಹೊರ ಅಳತೆ, 1.2 ಮಿ.ಮೀ. ದಪ್ಪ, 118 ಇಂಚು ಉದ್ದದ ಒಂಬತ್ತು ತುಂಡು. ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಸಿಕೊಳ್ಳಿ. ಪ್ರತಿ ಪೈಪಿನ ಎರಡೂ ತುದಿಯಿಂದ 1 ಇಂಚು ಒಳಗೆ 6 ಮಿ.ಮೀ. ತೂತು ಕೊರೆದು, ಬಾಯಿ ಪೂರ್ತಿ ಮುಚ್ಚಿದ ಐ ಬೋಲ್ಟನ್ನು ಮೇಲ್ಮುಖವಾಗಿ ನಿಲ್ಲಿಸಿ, ಕೆಳಗೆ ತಾನಾಗಿ ಸಡಿಲವಾಗದ ನೈಲಾಕ್ ನಟ್ ಹಾಕಿ. ಪೈಪಿನೊಳಗೆ ಆ ಜಾಗಕ್ಕೆ ಎರಡು ಇಂಚು ಮರದ ಗೂಟ ಬಡಿದಿರಬೇಕು, ಇಲ್ಲದಿದ್ದರೆ ನಟ್ ಬಿಗಿದಾಗ ಪೈಪು ಚಪ್ಪಟೆಯಾಗುತ್ತದೆ. ಎಸ್ ಕೊಕ್ಕೆ ಸುಲಭವೆಂದು ಕಾಣುತ್ತದೆ, ಆದರೆ ಗಾಳಿ ಬಟ್ಟೆಯನ್ನು ಎತ್ತಿದಾಗ ತಂತಿಯಿಂದ ಕಳಚಿಕೊಂಡು ಪೈಪು ತಲೆಯ ಮೇಲೆ ಬರುತ್ತದೆ. ನೆನಪಿಡಿ: ತಂತಿಯ ಎರಡನೇ ತುದಿ ಕಟ್ಟುವ ಮೊದಲೇ ಒಂಬತ್ತು ಐ ಬೋಲ್ಟುಗಳನ್ನು ಅದಕ್ಕೆ ಪೋಣಿಸಿರಬೇಕು. ಇದನ್ನು ಮರೆತವರು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ಇನ್ನು ಬಟ್ಟೆಯ ಲೆಕ್ಕ. 12 ಅಡಿಯೆಂದರೆ 144 ಇಂಚು. ಪೈಪುಗಳ ನಡುವೆ 18 ಇಂಚು ಇಟ್ಟರೆ ಎಂಟು ಅಲೆ. ಪ್ರತಿ ಅಲೆ 3 ಇಂಚು ಇಳಿಬೀಳಬೇಕಾದರೆ ಎರಡು ಪೈಪುಗಳ ನಡುವೆ 18 ಅಲ್ಲ, 19½ ಇಂಚು ಬಟ್ಟೆ ಬೇಕು. ಎಂಟಕ್ಕೆ 156 ಇಂಚು. ಪೈಪು ತೂರಿಸಲು ಬಟ್ಟೆಯನ್ನೇ ಕೆಳಕ್ಕೆ ಚಿವುಟಿ, ಲಂಗಕ್ಕೆ ಲಾಡಿ ತೂರಿಸುವ ಮಡಿಕೆಯ ಹಾಗೆ ಒಂದೇ ಸಾಲು ಹೊಲಿಯಬೇಕು. ಮಡಿಕೆ ಒಂದಕ್ಕೆ 3¼ ಇಂಚು ಹೋಗುತ್ತದೆ, ಒಳಗಿನ ಏಳಕ್ಕೆ ಸುಮಾರು 23 ಇಂಚು. ಎರಡು ತುದಿಯ ಮಡಿಕೆಗೆ ತಲಾ 4 ಇಂಚು. ಒಟ್ಟು 187 ಇಂಚು. 16 ಅಡಿ ಕತ್ತರಿಸಿದರೆ ಕೈಗೆ ಸ್ವಲ್ಪ ಉಳಿಯುತ್ತದೆ. 60 ಇಂಚು ಪನ್ನದ ಬಟ್ಟೆಯನ್ನು ಎರಡು ಉದ್ದ ಜೋಡಿಸಿದರೆ, ಜೋಡಣೆಗೂ ಅಂಚು ಮಡಿಕೆಗೂ ಹೋಗಿ 114 ಇಂಚು ಅಗಲ ಉಳಿಯುತ್ತದೆ. ಅಷ್ಟೇ ಬೇಕಾಗಿರುವುದು. ಎಂದರೆ 10 ಮೀಟರ್ ಬಟ್ಟೆ ಸಾಕು. ಪ್ರತ್ಯೇಕ ಪಟ್ಟಿ ಹಚ್ಚಿ ಮಡಿಕೆ ಮಾಡಿದರೆ ಒಂದು ಪೈಪಿಗೆ ಎರಡು ಸಾಲು ಹೊಲಿಗೆ ಬೀಳುತ್ತದೆ, ಸೂಜಿಯ ತೂತು ಇಮ್ಮಡಿಯಾಗುತ್ತದೆ.

ಹೊಲಿಗೆಗೆ ಕುಶನ್ ಅಂಗಡಿಯವರು ಅಥವಾ ಆಟೋ ಸೀಟು ಹೊಲಿಯುವವರು ಒಳ್ಳೆಯವರು. ಅವರ ಮಿಷನ್ನು ನಾಲ್ಕು ಪದರ ಕ್ಯಾನ್ವಾಸನ್ನು ಸಲೀಸಾಗಿ ದಾಟುತ್ತದೆ. ದಾರ ಪಾಲಿಯೆಸ್ಟರ್ ಇರಲಿ, ಹೊಲಿಗೆ 4 ಮಿ.ಮೀ. ಉದ್ದವಿರಲಿ. ಹತ್ತಿ ದಾರ ಎರಡು ಬೇಸಿಗೆಗೇ ಪುಡಿಯಾದೀತು, ಬಟ್ಟೆ ಗಟ್ಟಿಯಿದ್ದೂ ಮಡಿಕೆ ಬಿಚ್ಚಿಕೊಳ್ಳುತ್ತದೆ.

ಗೋಡೆಯ ಕಡೆಯ ಮೊದಲ ಪೈಪನ್ನು ತೊಲೆಗೆ ಕಟ್ಟಿಬಿಡಿ. ಬಟ್ಟೆಯ ನಾಲ್ಕು ಮೂಲೆಯಲ್ಲಿ ಒಂದೊಂದು ಹಿತ್ತಾಳೆ ಐಲೆಟ್ ಹಾಕಿ ಪೈಪಿಗೆ ದಾರದಿಂದ ಬಿಗಿಯಿರಿ, ಇಲ್ಲದಿದ್ದರೆ ಬಟ್ಟೆ ಪೈಪಿನ ಮೇಲೆ ಒಂದು ಕಡೆಗೆ ಜಾರಿ ಮುದುಡುತ್ತದೆ. ಮಡಚಿದಾಗ ಎಲ್ಲ ಸೇರಿ ಒಂದೂಕಾಲು ಅಡಿಯಷ್ಟು ಜಾಗ ಹಿಡಿಯುತ್ತದೆ. ಅದರ ಮೇಲೆ ಒಂದೂವರೆ ಅಡಿ ಅಗಲದ ತಗಡಿನ ಸೂರು ಮಾಡಿಸಿದರೆ ಧೂಳು, ಹಕ್ಕಿಯ ಹಿಕ್ಕೆ ಎರಡರಿಂದಲೂ ಬಟ್ಟೆ ಉಳಿಯುತ್ತದೆ.

ತಂತಿ ಜೋತು ಬೀಳುತ್ತದೆಂದು ಟರ್ನ್‌ಬಕಲ್ ತಿರುಗಿಸುತ್ತ ಹೋದೆವು. ತಂತಿ ನೇರವಾಯಿತು, ಆದರೆ ತುದಿಯ ತೊಲೆ ಒಳಕ್ಕೆ ಬಾಗಿದೆ. ದಪ್ಪ ತಂತಿ ಹಾಕಬೇಕೇ? – ಹುಬ್ಬಳ್ಳಿ

ದಪ್ಪ ತಂತಿ ಬೇಡ. ನಿಮ್ಮ ತಂತಿಗೆ ಏನೂ ಆಗಿಲ್ಲ, ತೊಂದರೆಯಾಗಿರುವುದು ಚೌಕಟ್ಟಿಗೆ. ಅಡ್ಡ ಕಟ್ಟಿದ ಯಾವ ತಂತಿಯೂ ಭಾರ ಹೊತ್ತು ಗೆರೆ ಎಳೆದ ಹಾಗೆ ನೇರ ನಿಲ್ಲಲಾರದು. ಮೇಲಿನ ಅಳತೆಯಲ್ಲಿ ಬಟ್ಟೆ ಸುಮಾರು 4½ ಕಿಲೋ, ಪೈಪುಗಳು 5 ಕಿಲೋ. ತಂತಿಯೊಂದಕ್ಕೆ 5 ಕಿಲೋ ಎಂದುಕೊಳ್ಳಿ. 12 ಅಡಿಯ ತಂತಿ ನಡುವೆ 5 ಸೆಂ.ಮೀ. ಜೋತುಬಿದ್ದರೆ ಅದರಲ್ಲಿನ ಎಳೆತ ಸುಮಾರು 45 ಕಿಲೋ. ಜೋತನ್ನು 2½ ಸೆಂ.ಮೀ.ಗೆ ಇಳಿಸಿದರೆ ಎಳೆತ 90 ಕಿಲೋ. 1 ಸೆಂ.ಮೀ.ಗೆ ತಂದರೆ 200 ಕಿಲೋ ದಾಟುತ್ತದೆ. ಜೋತು ಅರ್ಧವಾದಾಗಲೆಲ್ಲ ಎಳೆತ ಎರಡು ಪಟ್ಟು. ನಿಮ್ಮ ತೊಲೆಯನ್ನು ಬಾಗಿಸಿದ್ದು ಈ ಲೆಕ್ಕವೇ. ಟರ್ನ್‌ಬಕಲ್ ಸಡಿಲಿಸಿ, ನಡುವೆ ಎರಡು ಇಂಚು ಜೋತು ಬಿಡಿ. ಕೆಳಗೆ ನಿಂತು ನೋಡುವವರಿಗೆ ಅಲೆಯಲೆ ಬಟ್ಟೆಯ ನಡುವೆ ಅದು ಗೊತ್ತೇ ಆಗುವುದಿಲ್ಲ.

ತಂತಿಯನ್ನು ತೊಲೆಯ ನಡುಭಾಗದಲ್ಲಿ ಕಟ್ಟಿದ್ದರೆ ಮೂಲೆಯ ಹತ್ತಿರಕ್ಕೆ ಒಯ್ಯಿರಿ. ಅಲ್ಲಿ ಉದ್ದದ ಪಕ್ಕದ ತೊಲೆಗಳೇ ಎಳೆತವನ್ನು ತಡೆದು ನಿಲ್ಲುತ್ತವೆ. ನಡುವೆ ಮೂರನೇ ತಂತಿ ಬೇಕೇ ಬೇಕು ಎಂದಾದರೆ ಅದೇ ಸಾಲಿನಲ್ಲಿ ಎರಡು ತುದಿ ತೊಲೆಗಳ ನಡುವೆ ಒಂದು ಚೌಕ ಪೈಪನ್ನು ಉದ್ದಕ್ಕೂ ವೆಲ್ಡ್ ಮಾಡಿಸಿ, ಆಮೇಲೆ ತಂತಿ ಕಟ್ಟಿ. 19 ಮಿ.ಮೀ. ಪೈಪು 10 ಅಡಿಗೆ ತನ್ನ ಭಾರ, ಬಟ್ಟೆಯ ಭಾರ ಸೇರಿ ಸುಮಾರು ಮುಕ್ಕಾಲು ಇಂಚು ಬಾಗುತ್ತದೆ, ಅದು ಸಹಜ. ಅಗಲ 10 ಅಡಿ ಮೀರಿದರೆ ಮಾತ್ರ 25 ಮಿ.ಮೀ. ಪೈಪು ಅಥವಾ ಮೂರನೇ ತಂತಿ.

ಯಾವ ಬಟ್ಟೆ? ಹಳೆಯ ಫ್ಲೆಕ್ಸ್ ಪುಕ್ಕಟೆ ಸಿಗುತ್ತದೆ, ಟಾರ್ಪಾಲ್ ಅಗ್ಗ, ಹಸಿರು ನೆಟ್ ಇನ್ನೂ ಅಗ್ಗ. – ಬೆಂಗಳೂರು

ಫ್ಲೆಕ್ಸ್ ಬೇಡ. ಗಾಳಿಯಾಡದೆ ಕೆಳಗೆ ಸೆಕೆ ಕಟ್ಟುತ್ತದೆ, ಮಡಚಿದ ಗೆರೆಯಲ್ಲೇ ಸೀಳುತ್ತದೆ. ಟಾರ್ಪಾಲಿನದೂ ಅದೇ ಗುಣ, ಜೊತೆಗೆ ಗಾಳಿಗೆ ಪಟಪಟ ಸದ್ದು.

ಮಳೆ ತಡೆಯುವ ಆಸೆ ಬಿಟ್ಟು ಬಿಸಿಲಿಗೆ ಮಾತ್ರ ಎನ್ನುವುದಾದರೆ ಶೇಡ್ ನೆಟ್ ತುಂಬ ಒಳ್ಳೆಯ ಆಯ್ಕೆ. ಗಾಳಿ ಅದರ ಮೂಲಕ ಹಾಯುತ್ತದೆ, ಬಿಸಿ ಮೇಲಕ್ಕೆ ಹೋಗಲು ದಾರಿಯಿರುತ್ತದೆ, ಬಿರುಗಾಳಿಯ ಹೊಡೆತವೂ ಕಡಿಮೆ. 50, 75, 90 ಎಂಬ ಅಂಕಿ ಅದು ತಡೆಯುವ ಬೆಳಕಿನ ಶೇಕಡಾವಾರು. ಕುಳಿತುಕೊಳ್ಳಲು 75 ಅಥವಾ 90. ಕೆಳಗೆ ಟೊಮೆಟೊ, ಬದನೆ ಕುಂಡಗಳಿದ್ದರೆ 50ಕ್ಕಿಂತ ಹೆಚ್ಚು ಬೇಡ. ಆಂಥೂರಿಯಂ, ಜರೀಗಿಡಗಳಿಗೆ 75 ಸರಿ. ಹೆಣೆದ ನೆಟ್ ಕೇಳಿ ತನ್ನಿ, ಕತ್ತರಿಸಿದರೂ ಅದರ ಅಂಚು ಬಿಚ್ಚಿಕೊಳ್ಳುವುದಿಲ್ಲ. ಬಣ್ಣ ಹಸಿರೇ ಆಗಬೇಕೆಂದಿಲ್ಲ. ಹಸಿರು ನೆಟ್ಟಿನ ಕೆಳಗೆ ಊಟಕ್ಕೆ ಕುಳಿತರೆ ಅನ್ನವೂ ಹಸಿರು ಛಾಯೆಯಲ್ಲಿ ಕಾಣುತ್ತದೆ. ತಿಳಿ ಕಂದು ಕಣ್ಣಿಗೆ ಹಿತ.

ಎರಡನೆಯದು ಅಕ್ರಿಲಿಕ್ ಕ್ಯಾನ್ವಾಸ್, ಚದರ ಮೀಟರಿಗೆ 300 ಗ್ರಾಂ ಆಸುಪಾಸಿನದು. ನೂಲು ತೆಗೆಯುವ ಮೊದಲೇ ಬಣ್ಣ ಬೆರೆಸಿರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಮೊದಲ ಉತ್ತರದ ಲೆಕ್ಕ ಈ ಬಟ್ಟೆಯದು. ಹತ್ತಿ ಕ್ಯಾನ್ವಾಸ್ ನೆರಳು ತಂಪಾಗಿ ಕೊಡುತ್ತದೆ, ನಿಜ. ಆದರೆ ಒಮ್ಮೆ ನೆನೆದು ಒಣಗಿದರೆ ಕುಗ್ಗಿ ಅಲೆಯ ಅಳತೆ ತಪ್ಪುತ್ತದೆ, ಒದ್ದೆಯಿದ್ದಾಗ ಮಡಚಿಟ್ಟರೆ ಕೆಲವೇ ದಿನಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಬಟ್ಟೆ ಯಾವುದಾದರೂ ಸರಿ, ಒಣಗಿಸದೆ ಮಡಚಬೇಡಿ. ತೊಳೆಯಲು ಸಾಧಾರಣ ಸೋಪಿನ ನೀರು, ಮೆದು ಬ್ರಷ್ ಸಾಕು.

ಗೋಡೆಯಿಂದ ಹೊರಕ್ಕೆ ಅರ್ಧ ಅಡಿ ಇಳಿಜಾರು ಕೊಟ್ಟು ತಂತಿ ಕಟ್ಟಿದ್ದೇವೆ. ಆದರೂ ಮಳೆ ಬಂದರೆ ಪ್ರತಿ ಅಲೆಯಲ್ಲೂ ನೀರು ನಿಲ್ಲುತ್ತದೆ. – ಶಿವಮೊಗ್ಗ

ಇಳಿಜಾರು ಕೊಟ್ಟ ದಿಕ್ಕು ತಪ್ಪಾಗಿದೆ. ಹೆಂಚಿನ ಮಾಡಿನ ಮೇಲೆ ನೀರು ಹರಿಯುವ ಹಾಗೆ ಇಲ್ಲೂ ತಂತಿಯ ಉದ್ದಕ್ಕೆ ಹರಿದುಹೋಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಆದರೆ ಅಲೆಯ ಕಣಿವೆಗಳು ಪೈಪಿಗೆ ಸಮಾನಾಂತರವಾಗಿ ಅಡ್ಡಡ್ಡ ಬಿದ್ದಿರುತ್ತವೆ. ಒಂದು ಕಣಿವೆಯ ನೀರು ಮುಂದಿನದಕ್ಕೆ ಹೋಗಬೇಕಾದರೆ ಪೈಪನ್ನು ಹತ್ತಿ ದಾಟಬೇಕು. ಆದ್ದರಿಂದ ಇಳಿಜಾರು ಪೈಪಿನ ಉದ್ದಕ್ಕೆ ಬೇಕು: ಎಡ ತಂತಿಗಿಂತ ಬಲ ತಂತಿ 6 ಇಂಚು ಕೆಳಗೆ. ಆಗ ಪ್ರತಿ ಕಣಿವೆಯೂ ಒಂದೊಂದು ದೋಣಿಯಾಗಿ ನೀರನ್ನು ಪಕ್ಕಕ್ಕೆ ಸುರಿಯುತ್ತದೆ.

ಇದರಿಂದ ತುಂತುರು ಮಳೆಗೆ ಅನುಕೂಲ, ಅಷ್ಟೇ. 10 ಅಡಿ ಉದ್ದದ ಒಂದೇ ಕಣಿವೆಯಲ್ಲಿ ಸರಾಸರಿ 2 ಸೆಂ.ಮೀ. ನೀರು ನಿಂತರೂ 27 ಲೀಟರ್, ಎರಡು ಕೊಡಕ್ಕೂ ಹೆಚ್ಚು. ಎಂಟು ಕಣಿವೆಯಲ್ಲಿ 200 ಕಿಲೋ ದಾಟುತ್ತದೆ. 10 ಕಿಲೋ ಹೊರಲೆಂದು ಕಟ್ಟಿದ ತಂತಿಗೆ ಅದು ಇಪ್ಪತ್ತು ಪಟ್ಟು. ಮಲೆನಾಡಿನ ಮಳೆಗಾಲಕ್ಕೆ ಈ ಬಟ್ಟೆ ಉತ್ತರವಲ್ಲ. ಜೂನ್ ಹೊತ್ತಿಗೆ ಪೈಪಿನಿಂದ ಬಿಚ್ಚಿ, ಒಣಗಿಸಿ, ಸುತ್ತಿ ಒಳಗಿಡಿ.

ಎಳೆಯುವಾಗ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಗ್ರೀಸ್ ಹಚ್ಚಿದರೂ ಅಷ್ಟೇ. – ತುಮಕೂರು

ಒಂದು ಮೂಲೆ ಹಿಡಿದು ಎಳೆಯುತ್ತಿದ್ದೀರಿ ಎಂದು ಕಾಣುತ್ತದೆ. ಆಗ ಮುಂದಿನ (ಗೋಡೆಯಿಂದ ದೂರದ ತುದಿಯ) ಪೈಪು ಓರೆಯಾಗುತ್ತದೆ, ಐ ಬೋಲ್ಟಿನ ಬಳೆ ತಂತಿಯನ್ನು ಅಡ್ಡಡ್ಡ ಕಚ್ಚಿ ಹಿಡಿಯುತ್ತದೆ. ಜೋರಾಗಿ ಎಳೆದಷ್ಟೂ ಕಚ್ಚು ಬಿಗಿಯಾಗುತ್ತದೆ.

ತೀರ ಸರಳ ಪರಿಹಾರ ದೋಟಿ. ಹಣ್ಣು ಕೀಳುವ ಕೋಲಿನ ತುದಿಯ ಕೊಕ್ಕೆಯನ್ನು ಮುಂದಿನ ಪೈಪಿನ ಸರಿಯಾಗಿ ನಡುವೆ ಸಿಕ್ಕಿಸಿ ಎಳೆಯಿರಿ. ನಡುವೆಂದು ಗೊತ್ತಾಗಲು ಅಲ್ಲೊಂದು ಬಳೆ ಕಟ್ಟಿಡಿ. 8 ಅಡಿ ಎತ್ತರಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಗ್ಗವೇ ಬೇಕೆಂದರೆ ಎರಡು ತುದಿಯನ್ನೂ ಒಟ್ಟಿಗೆ ಎಳೆಯುವಂತೆ ಮಾಡಬೇಕು. ಮುಂದಿನ ಪೈಪಿನ ಬಲ ತುದಿಯ ಹಗ್ಗ ಎದುರಿನ ಬಲ ಮೂಲೆಯ ರಾಟೆಯಿಂದ ಕೆಳಗೆ ಇಳಿಯಲಿ. ಎಡ ತುದಿಯ ಹಗ್ಗ ಎದುರಿನ ಎಡ ಮೂಲೆಯ ರಾಟೆ ಸುತ್ತಿ, ತೊಲೆಯ ಗುಂಟ ಬಲ ಮೂಲೆಗೆ ಬಂದು, ಅಲ್ಲಿನ ಇನ್ನೊಂದು ರಾಟೆಯಿಂದ ಇಳಿಯಲಿ. ಪೈಪು ಮೂಲೆಮಟ್ಟಕ್ಕೆ ನೇರವಿರುವಾಗ ಎರಡೂ ಹಗ್ಗ ಸೇರಿಸಿ ಒಂದು ಗಂಟು ಹಾಕಿ. ಮುಂದೆ ಆ ಗಂಟನ್ನೇ ಹಿಡಿದು ಎಳೆಯಿರಿ. ವಾಪಸು ಸರಿಸಲು ಗೋಡೆಯ ಕಡೆಯೂ ಇದೇ ಏರ್ಪಾಟು. ಒಟ್ಟು ಆರು ರಾಟೆ, 6 ಮಿ.ಮೀ. ಪಾಲಿಯೆಸ್ಟರ್ ಹಗ್ಗ 30 ಮೀಟರ್. ನೈಲಾನ್ ಹಗ್ಗ ಒದ್ದೆಯಾದಾಗ ಹಿಗ್ಗಿ ಎಡಬಲದ ಅಳತೆ ಕೆಡಿಸುತ್ತದೆ.

ಗ್ರೀಸ್ ಒರೆಸಿ ತೆಗೆಯಿರಿ. ಅದು ಧೂಳು ಹಿಡಿದು ಅರದಂತಾಗುತ್ತದೆ, ಬಟ್ಟೆಗೂ ಕಲೆ. ತಂತಿಗೆ ಸಿಲಿಕಾನ್ ಸ್ಪ್ರೇ ಹೊಡೆದು ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು.

ನಮ್ಮಲ್ಲಿ ಗಾಳಿ ವಿಪರೀತ. ಬಟ್ಟೆ ತಡೆದೀತೇ? – ಚಿತ್ರದುರ್ಗ

ನಿಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲೇ ನಿಂತಿದೆ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಗಂಟೆಗೆ 40 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 7½ ಕಿಲೋ ಒತ್ತುತ್ತದೆ. ನಿಮ್ಮದೂ 10ಕ್ಕೆ 12 ಅಡಿಯ ಬಟ್ಟೆಯಾದರೆ ಅದು ಸುಮಾರು 80 ಕಿಲೋ. 60 ಕಿ.ಮೀ. ಗಾಳಿಗೆ 180 ಕಿಲೋ. ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡೂಕಾಲು ಪಟ್ಟು. ಮೇಲೆ ಬಟ್ಟೆ ಉಳಿದರೂ ಕಂಬ ಉಳಿಯಬೇಕಲ್ಲ. ತಾರಸಿಯ ಮೇಲೆ ಬರೀ ಪ್ಲೇಟಿನ ಮೇಲೆ ನಿಂತ ಪರ್ಗೋಲಾಕ್ಕೆ, ನಾಲ್ಕಿಂಚಿನ ಇಟ್ಟಿಗೆಯ ಪ್ಯಾರಾಪೆಟ್ಟಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಪರ್ಗೋಲಾಕ್ಕೆ ಇಂಥ ಬಟ್ಟೆ ಕಟ್ಟಬೇಡಿ. ಮೊದಲು ಕಂಬದ ಬುಡಕ್ಕೆ ಕಾಂಕ್ರೀಟಿನ ದಿಮ್ಮಿ ಮಾಡಿಸಿ ಚೌಕಟ್ಟನ್ನು ಗಟ್ಟಿ ಮಾಡಿ.

ನಿಮಗೆ ನಮ್ಮ ಸಲಹೆ ಹೆಣೆದ ಶೇಡ್ ನೆಟ್ ಮಾತ್ರ. ಮುಂದಿನ ಪೈಪನ್ನು ತೊಲೆಗೆ ಕಟ್ಟುವಾಗ ಸರಪಳಿ, ಬೀಗ ಬೇಡ, ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಇರಲಿ. ಆಷಾಢದ ಗಾಳಿ ಏಳುವಾಗ ಅರ್ಧ ನಿಮಿಷದಲ್ಲಿ ಮಡಚಲು ಆಗಬೇಕು. ಮಡಚಿದ ಮೇಲೆ ಎಲ್ಲ ಪೈಪನ್ನೂ ಸೇರಿಸಿ ಒಂದು ಪಟ್ಟಿಯಿಂದ ಕಟ್ಟಿ. ಕಟ್ಟದೆ ಬಿಟ್ಟ ಬಟ್ಟೆ ರಾತ್ರಿ ತಾನಾಗಿ ಬಿಚ್ಚಿಕೊಂಡು ಹಾರಾಡುತ್ತದೆ. ಮನೆಯಿಂದ ಹೊರಗೆ ಹೋಗುವಾಗ ಬಟ್ಟೆ ಹರಡಿರಕೂಡದು.

ಸ್ಟೇನ್‌ಲೆಸ್ ಎಂದು ಕೊಂಡದ್ದಕ್ಕೂ ಕಂದು ಕಲೆ ಬಂದಿದೆ. – ಉಡುಪಿ

ಕಡಲ ಗಾಳಿಯ ಉಪ್ಪು. ಒಳನಾಡಿನಲ್ಲಿ 304 ದರ್ಜೆ ಸಾಕಾಗುತ್ತದೆ, ಕರಾವಳಿಯಲ್ಲಿ ತಂತಿ, ಬೋಲ್ಟು ಎಲ್ಲವೂ 316 ಇರಬೇಕು. ಈಗಿನ ಕಲೆ ಮೇಲ್ಮೈಯದು, ಸಿಹಿನೀರಿನಲ್ಲಿ ತೊಳೆದು ಉಜ್ಜಿದರೆ ಹೋಗುತ್ತದೆ. ಆದರೆ ಅಲ್ಯೂಮಿನಿಯಂ ಪೈಪಿಗೆ ಸ್ಟೀಲ್ ಬೋಲ್ಟ್ ತಾಗುವ ಜಾಗ ನೋಡಿ. ಉಪ್ಪುನೀರು ಸೇರಿದರೆ ಅಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ.

ಮಧ್ಯಾಹ್ನ ನೆರಳು ಚೆನ್ನಾಗಿದೆ. 4 ಗಂಟೆಗೆ ಕುಳಿತರೆ ಮುಖಕ್ಕೇ ಬಿಸಿಲು. ಬಟ್ಟೆ ಇನ್ನೂ ಅಗಲ ಬೇಕಿತ್ತೇ? – ಕಲಬುರಗಿ

ಅಗಲ ಮಾಡಿ ಉಪಯೋಗವಿಲ್ಲ. ಮೇ ತಿಂಗಳ ನಡುವೆ ನಿಮ್ಮೂರಿನಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೇ ಇರುತ್ತಾನೆ (ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಹೊತ್ತಿಗೆ). ಆಗ ಬಟ್ಟೆಯ ನೆರಳು ಸರಿಯಾಗಿ ಅದರ ಕೆಳಗೇ ಬೀಳುತ್ತದೆ. 8 ಅಡಿ ಎತ್ತರದ ಬಟ್ಟೆಯ ನೆರಳು 3 ಗಂಟೆಗೆ ಸುಮಾರು 6 ಅಡಿ ಪೂರ್ವಕ್ಕೆ ಸರಿದಿರುತ್ತದೆ, 4 ಗಂಟೆಗೆ 10 ಅಡಿಗೂ ಹೆಚ್ಚು. ಎಂದರೆ 10 ಅಡಿ ಅಗಲದ ಚಪ್ಪರದ ನೆರಳು ಪೂರ್ತಿ ಚಪ್ಪರದಾಚೆ ಬಿದ್ದಿರುತ್ತದೆ.

ಪಶ್ಚಿಮದ ಎರಡು ಕಂಬಗಳ ನಡುವೆ 75ರ ಶೇಡ್ ನೆಟ್ಟಿನ ಇಳಿಪರದೆ ಬಿಡಿ. ಮೇಲೆ ತೊಲೆಗೆ ಕಟ್ಟಿ, ಕೆಳ ಅಂಚಿನ ಮಡಿಕೆಯಲ್ಲಿ ಒಂದು ಜಿ.ಐ. ಪೈಪು ತೂರಿಸಿ ಭಾರ ಕೊಡಿ, ಪೈಪಿನ ಎರಡು ತುದಿಯನ್ನು ಕಂಬಕ್ಕೆ ಕಟ್ಟಿ. ನೆಲದವರೆಗೆ ಬೇಕಿಲ್ಲ. ಕುಳಿತವರ ಮೊಣಕಾಲಿನ ಮಟ್ಟಕ್ಕೆ ನಿಲ್ಲಿಸಿದರೆ ಕೆಳಗಿಂದ ಗಾಳಿ ಆಡುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಅದನ್ನೂ ಪೈಪಿಗೇ ಸುತ್ತಿ ಮೇಲೆ ಕಟ್ಟಿಡಿ.